ಮಕ್ಕಳ ಮಾತು, ಆಳುವವರ ಕಿವಿ

(ರೋಣದಲ್ಲಿ ಶ್ರಾವಣ ಮಾಸದ ಪ್ರವಚನ ಕಾಲಕ್ಕೆ ಪೂಜ್ಯರು ದಯಪಾಲಿಸಿದ ಆಶೀರ್ವಚನದ ಬರಹ ರೂಪ)



ಹೆಸರು ಬಿಡಿಸುವ ಕಾಲವಿದು. ಹೊಲದ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳ ಹಳ್ಳಿಗಳಿಂದ ತಾವು ಬಂದು ಕುಳಿತಿದ್ದೀರಿ. ಶ್ರಾವಣದ ಪ್ರವಚನವೆಂದರೆ ಪುಣ್ಯಕಥೆ ಕೇಳಿ ಎದ್ದು ಹೋಗುವುದಷ್ಟೇ ಅಲ್ಲ; ಕೇಳಿದ್ದನ್ನು ನಾಳೆಯ ಬದುಕಿಗೆ ಹಚ್ಚಿ ನೋಡಬೇಕು. ಆದ್ದರಿಂದ ಇಂದು ನಾವು ಹಾದಿಯಲ್ಲಿ ಕಂಡ ಒಂದು ಸಂಗತಿಯಿಂದಲೇ ಮಾತನ್ನು ಆರಂಭಿಸುತ್ತೇವೆ.

ಹೋದ ವರ್ಷ ಮಳೆಗಾಲದ ಒಂದು ಮುಂಜಾನೆ ಭಕ್ತರ ಊರಿಗೆ ಹೊರಟಿದ್ದೆವು. ಒಂದು ಕ್ರಾಸಿನಲ್ಲಿ ನಮ್ಮ ಗಾಡಿ ನಿಂತಿತು. ನೋಡಿದರೆ ನಲವತ್ತು ಐವತ್ತು ಮಕ್ಕಳು, ಬೆನ್ನಿಗೆ ಪಾಟೀಚೀಲ, ಹಾದಿಗೆ ಅಡ್ಡ ಕುಳಿತಿದ್ದಾರೆ. ಅವರ ಶಾಲೆ ಆರು ಕಿಲೋಮೀಟರು ದೂರ. ಬರುವುದು ಒಂದೇ ಬಸ್ಸು. ಅದೂ ಹಿಂದಿನ ಊರುಗಳಲ್ಲಿಯೇ ತುಂಬಿ ಬಂದು ಇವರ ಊರಿನಲ್ಲಿ ನಿಲ್ಲದೆ ಹೋಗುತ್ತದೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ಅದು ಒಳ್ಳೆಯದೇ. ಆದರೆ ಆ ಹಾದಿಯಲ್ಲಿ ಜನ ಹೆಚ್ಚಾದಂತೆ ಬಸ್ಸು ಹೆಚ್ಚಾಗಲಿಲ್ಲ. ಮಕ್ಕಳು ಕುಳಿತಿದ್ದು ಅದಕ್ಕಾಗಿ.

ಇದ್ದದ್ದನ್ನು ಇದ್ದಂತೆ ಹೇಳಬೇಕು. ನಮ್ಮ ಬಾಯಲ್ಲಿ ಮೊದಲು ಬಂದ ಮಾತೂ "ಏಳ್ರಿ ಮಕ್ಕಳಾ, ಹಾದಿ ಬಿಡ್ರಿ" ಎಂದೇ. ನಮಗೆ ಹೊತ್ತಾಗಿತ್ತು, ಅವರಿಗೆ ದಿನವೂ ಹೊತ್ತಾಗುತ್ತಿತ್ತು ಎಂಬುದು ಆ ಗಳಿಗೆಗೆ ನಮಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಹಿಂದಿನ ಕಾರಿನಿಂದ ಒಬ್ಬ ನಾಯಕರು ಇಳಿದು ಬಂದರು. ಮುಂದೆ ಕುಳಿತಿದ್ದ ಎಂಟನೇ ಇಯತ್ತೆಯ ಹುಡುಗಿಯನ್ನು ಕೇಳಿದರು: "ಯಾರ ಮಗಳವ್ವಾ ನೀ? ಯಾರು ಹೇಳಿ ಕೂಡಿಸ್ಯಾರ ನಿಮ್ಮನ್ನ?"

ಆ ಕೂಸು ಎದ್ದು ನಿಂತಿತು. "ಬಸ್ ಬರಂಗಿಲ್ಲ ಅನ್ನೂದನ್ನ ಯಾರರೆ ಹೇಳಿಕೊಡಬೇಕೇನ್ರೀ ಸಾಹೇಬ್ರ? ದಿನಾ ನಾವ ನಿಂತು ನೋಡಾಕತ್ತೇವ್ರಿ" ಎಂದಿತು.

ನಾಯಕರು ಸ್ವಲ್ಪ ತಡೆದು, "ಆತವಾ, ಎಂಟು ದಿನದಾಗ ಬಸ್ ಬಿಡಸ್ತೀನಿ, ಏಳ್ರಿ" ಎಂದರು. ಹುಡುಗಿ ಏಳಲಿಲ್ಲ. "ಎಂಟು ದಿನದಾಗ ಬರಲಿಲ್ಲಂದ್ರ ಯಾರನ್ನ ಕೇಳೂದ್ರಿ?" ಎಂದು ಕೇಳಿತು. ಸುತ್ತಲಿನವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಆ ಪ್ರಶ್ನೆಯನ್ನು ಮಠಕ್ಕೆ ಹೊತ್ತುಕೊಂಡು ಬಂದೆವು. ಇಂದು ಅದನ್ನೇ ತಮ್ಮ ಮುಂದೆ ಇಡುತ್ತಿದ್ದೇವೆ. ಮಕ್ಕಳು ಸಾರ್ವಜನಿಕ ವಿಷಯಕ್ಕೆ ಬಾಯಿ ತೆರೆದಾಗ ಆಳುವವರು ಹೇಗೆ ನಡೆದುಕೊಳ್ಳಬೇಕು?

ಕೆಲವರು ಅನ್ನುತ್ತಾರೆ, "ಮಕ್ಕಳಿಗೇಕೆ ಬೇಕು ರಾಜಕೀಯ? ಅವರು ಓದಿಕೊಂಡಿರಲಿ." ಓದಿಕೊಂಡಿರಲಿ ಎಂಬುದು ಸರಿಯಾದ ಮಾತು. ಆದರೆ ಆ ಮಕ್ಕಳು ಕುಳಿತಿದ್ದೇ ಓದುವುದಕ್ಕಾಗಿ. ರಾಜಕೀಯ ಮಕ್ಕಳ ಹತ್ತಿರ ತಾನೇ ಬರುತ್ತದೆ. ಬಿಸಿಯೂಟದ ಗಂಗಾಳದಲ್ಲಿ ಬರುತ್ತದೆ, ಸೋರುವ ಶಾಲೆಯ ಮಾಡಿನಲ್ಲಿ ಬರುತ್ತದೆ, ಬಾರದ ಬಸ್ಸಿನಲ್ಲಿ ಬರುತ್ತದೆ. ಬಂದ ಮೇಲೆ ಅವರು ಕೇಳಬಾರದೆಂದರೆ ಹೇಗೆ?

ಮಕ್ಕಳು ಕೇಳುವುದು ಹೊಸತೂ ಅಲ್ಲ. ನಮ್ಮ ಧರ್ಮದ ಆದಿಯಲ್ಲಿಯೇ ಒಂದು ಕೂಸಿನ ಪ್ರಶ್ನೆ ನಿಂತಿದೆ. ಬಾಗೇವಾಡಿಯ ಅಗ್ರಹಾರದಲ್ಲಿ ಎಂಟು ವರ್ಷದ ಬಸವಣ್ಣನವರಿಗೆ ಉಪನಯನ ಮಾಡಲು ಹಿರಿಯರು ಮುಂದಾದರು. ಅಕ್ಕನಿಗೆ ಇಲ್ಲದ ಜನಿವಾರ ನನಗೇಕೆ ಎಂದು ಆ ಬಾಲಕ ಪ್ರಶ್ನೆ ಮಾಡಿದನೆಂದು ನಮ್ಮ ಪರಂಪರೆ ಹೇಳುತ್ತದೆ. ಹಿರಿಯರಿಗೆ ಅದು ಮೊಂಡುತನವಾಗಿ ಕಂಡಿತು. ಹುಡುಗ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ. ಅಲ್ಲಿಯ ಗುರುಗಳು ಅದೇ ಪ್ರಶ್ನೆಗೆ ಕಿವಿಗೊಟ್ಟರು, ಅನ್ನ ಕೊಟ್ಟರು, ವಿದ್ಯೆ ಕೊಟ್ಟರು. ನೋಡಿರಿ, ಪ್ರಶ್ನೆ ಒಂದೇ. ಕೇಳಿಸಿಕೊಳ್ಳದ ಅಗ್ರಹಾರ ಬಸವಣ್ಣನನ್ನು ಕಳೆದುಕೊಂಡಿತು. ಕೇಳಿಸಿಕೊಂಡ ಸಂಗಮ ಬಸವಣ್ಣನನ್ನು ಪಡೆದುಕೊಂಡಿತು. ನಿಮ್ಮ ನರಗುಂದದ ಹೊಲಗಳಿಗೆ ನೀರುಣಿಸಿ, ರೋಣ ತಾಲೂಕಿನ ಹೊಳೆಆಲೂರಿನ ಹತ್ತಿರ ಹಾಯ್ದು ಹೋಗುವ ಮಲಪ್ರಭೆಯೇ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ಪಾಠ ನಿಮ್ಮ ಹೊಳೆಯ ದಂಡೆಯ ಪಾಠವೇ ಆಗಿದೆ.

ಮುಂದೆ ಅದೇ ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರದ ಪದವಿಗೆ ಬಂದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರೂ ಮಂತ್ರಿಗಳೇ. ಕೂಸಾಗಿದ್ದಾಗ ತಮಗಾದದ್ದನ್ನು ಅವರು ಮರೆಯಲಿಲ್ಲ. ಅಕ್ಕ ನಾಗಮ್ಮನವರ ಮಗ ಚೆನ್ನಬಸವಣ್ಣ ವಯಸ್ಸಿನಲ್ಲಿ ಚಿಕ್ಕವರು. ಆದರೆ ಅನುಭವ ಮಂಟಪದಲ್ಲಿ ಅವರು ಮಾತನಾಡಿದಾಗ ನರೆಗೂದಲಿನ ಹಿರಿಯರೂ ತಲೆಬಾಗಿ ಕೇಳಿದರು. ಅಣ್ಣನವರ ಒಂದು ವಚನ ನಿಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಬಂದವನ ಕುಲಗೋತ್ರ ವಿಚಾರಿಸದೆ ನಮ್ಮ ಮನೆಯ ಮಗನೆಂದೇ ಎಣಿಸಬೇಕೆಂಬುದು ಅದರ ತಿರುಳು. ಹಾದಿಗೆ ಕುಳಿತ ಕೂಸನ್ನು "ಯಾರ ಮಗಳು, ಯಾವ ಪಕ್ಷದವರು ಕಳಿಸಿದರು" ಎಂದು ಮೊದಲು ಕೇಳುವವರು ಆ ವಚನವನ್ನು ಬಾಯಿಂದ ಹೇಳಿ ನಡೆಯಿಂದ ಅಳಿಸುತ್ತಾರೆ.

ಇನ್ನು ನಮ್ಮ ಸೀಮೆಯ ಮಾತು. 1942ರ ಆಗಸ್ಟ್ ತಿಂಗಳು. ಬ್ರಿಟಿಷರೇ ದೇಶ ಬಿಟ್ಟು ತೊಲಗಿರಿ ಎಂಬ ಕೂಗು ಹುಬ್ಬಳ್ಳಿಯ ಬೀದಿಗಳಲ್ಲಿ ಎದ್ದಿತು. ಮೆರವಣಿಗೆಯಲ್ಲಿ ನಾರಾಯಣ ಡೋಣಿ ಎಂಬ ಶಾಲಾ ಬಾಲಕನಿದ್ದ. ಇನ್ನೂ ಮೀಸೆ ಮೂಡದ ವಯಸ್ಸು. ಪೊಲೀಸರ ಗುಂಡಿಗೆ ಆ ಹುಡುಗ ಬಲಿಯಾದ. ಅಂದಿನ ಸರಕಾರ ಒಂದು ಕೂಸಿನ ಮಾತಿಗೆ ಗುಂಡಿನಿಂದ ಉತ್ತರ ಕೊಟ್ಟಿತು. ಐದು ವರ್ಷಕ್ಕೆ, ಅದೇ ಆಗಸ್ಟ್ ತಿಂಗಳಲ್ಲಿ, ಆ ಸರಕಾರವೇ ಇಲ್ಲದಾಯಿತು. ಇಂದು ಸ್ವಾತಂತ್ರ್ಯ ದಿನದಂದು ಆ ಬಾಲಕನ ಹೆಸರನ್ನು ಗೌರವದಿಂದ ಹೇಳುವ ನಾವು, ನಮ್ಮ ಊರಿನ ಬಾಲಕ ಎದ್ದು ನಿಂತರೆ "ಕೂಡೋ ಸುಮ್ಮನೆ" ಎನ್ನುವುದು ನ್ಯಾಯವೇ? ಹಾಗೆಂದು ಮಕ್ಕಳು ಗುಂಡಿಗೆ ಎದೆಯೊಡ್ಡಲಿ ಎಂದು ನಾವು ಹೇಳುತ್ತಿಲ್ಲ. ಇನ್ನೊಬ್ಬ ತಾಯಿಗೆ ಅಂಥ ದಿನ ಬಾರದಿರಲಿ ಎಂದೇ ಈ ಮಾತು.

ನರಗುಂದದವರಿಗೆ 1980ರ ಜುಲೈ 21ನ್ನು ನಾವು ನೆನಪಿಸಬೇಕಾಗಿಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬಾರದಿದ್ದರೂ ಕರ ಕಟ್ಟಬೇಕೆಂದು ಸರಕಾರ ಹೇಳಿತು. ರೈತರು ಅಹವಾಲು ಹೇಳಿಕೊಂಡರು. ಆಳುವವರ ಕಿವಿಗೆ ಬೀಳಲಿಲ್ಲ. ಕೊನೆಗೆ ಗೋಲಿಬಾರು ಆಯಿತು. ವೀರಪ್ಪ ಕಡ್ಲಿಕೊಪ್ಪ ಎಂಬ ರೈತ ಪ್ರಾಣ ಬಿಟ್ಟ. ಪೊಲೀಸರೂ ಸತ್ತರು; ಅವರ ಮನೆಗಳಲ್ಲಿಯೂ ಹೆಂಡಿರು ಮಕ್ಕಳು ಅತ್ತರು. ವೀರಪ್ಪನ ಸ್ಮಾರಕದ ಮುಂದೆ ವರ್ಷವರ್ಷವೂ ನೀವು ಕೂಡುತ್ತೀರಿ. ಆ ಕಲ್ಲು ಹೇಳುವುದು ಇಷ್ಟೇ: ಹೊತ್ತಿಗೆ ಸರಿಯಾಗಿ ಉತ್ತರ ಸಿಗದ ಪ್ರಶ್ನೆ ಸಿಟ್ಟಾಗುತ್ತದೆ, ಸಿಟ್ಟು ಬೆಂಕಿಯಾಗುತ್ತದೆ.

2015ರ ಜುಲೈಯಲ್ಲಿ ಅದೇ ನರಗುಂದದಲ್ಲಿ ಮಹದಾಯಿ ನೀರಿಗಾಗಿ, ಕಳಸಾ-ಬಂಡೂರಿಗಾಗಿ ಧರಣಿ ಆರಂಭವಾಯಿತು. ದಿನವಲ್ಲ, ತಿಂಗಳಲ್ಲ, ವರ್ಷಗಟ್ಟಲೆ ರೈತರು ಕುಳಿತರು. ಶಾಲೆಯ ಮಕ್ಕಳೂ ಮೆರವಣಿಗೆಗೆ ಬಂದರು. ಎಲ್ಲ ಪಕ್ಷದವರೂ ಬಂದು ಮಾತು ಕೊಟ್ಟು ಹೋದರು. 2018ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂದಿತು, ಆದರೆ ನೀರು ಬರಲಿಲ್ಲ. ಅಂದು ಅಪ್ಪನ ಹೆಗಲ ಮೇಲೆ ಕುಳಿತು ಘೋಷಣೆ ಕೂಗಿದ ಎಂಟು ವರ್ಷದ ಹುಡುಗ ಇಂದು ಮತ ಹಾಕುವ ವಯಸ್ಸಿಗೆ ಬಂದಿದ್ದಾನೆ. ಅವನು ಈ ಹತ್ತು ವರ್ಷದಲ್ಲಿ ನಮ್ಮಿಂದ ಏನು ಕಲಿತ? ದೊಡ್ಡವರ ಮಾತು ನಂಬಬೇಕೆಂದು ಕಲಿತನೇ, ನಂಬಬಾರದೆಂದು ಕಲಿತನೇ? ಜನಪ್ರತಿನಿಧಿಗಳು ಇದನ್ನು ರಾತ್ರಿ ಮಲಗುವ ಮುಂಚೆ ಒಮ್ಮೆ ವಿಚಾರ ಮಾಡಬೇಕು.

ಮಕ್ಕಳು ಬಾಯಿ ತೆರೆದಾಗ ಆಳುವವರು ಸಾಮಾನ್ಯವಾಗಿ ಮೂರು ತಪ್ಪು ಮಾಡುತ್ತಾರೆ. ಮೊದಲನೆಯದು ಹೆದರಿಸುವುದು. ಎರಡನೆಯದು ಹೊಗಳಿ ಕಳಿಸುವುದು. ಮೂರನೆಯದು ಬಳಸಿಕೊಳ್ಳುವುದು.

ಹೆದರಿಸುವುದಕ್ಕೆ ಉದಾಹರಣೆ ದೂರದಲ್ಲಿಲ್ಲ. ಬಸವಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿಯೇ ಇದೆ. 2020ರ ಜನವರಿಯಲ್ಲಿ ಬೀದರಿನ ಒಂದು ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯನ್ನು ಕುರಿತು ನಾಟಕವಾಡಿದರು. ಆ ಕಾಯ್ದೆ ಸರಿಯೋ ತಪ್ಪೋ, ನಾಟಕದ ಮಾತು ಒಪ್ಪತಕ್ಕದ್ದೋ ಅಲ್ಲವೋ, ಅದು ಇಂದಿನ ವಿಷಯವಲ್ಲ. ರಾಜದ್ರೋಹದ ಮೊಕದ್ದಮೆ ಆಯಿತು. ಒಬ್ಬ ಮುಖ್ಯೋಪಾಧ್ಯಾಯಿನಿಯೂ ಒಂದು ಮಗುವಿನ ತಾಯಿಯೂ ಸೆರೆಮನೆ ಸೇರಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಸಣ್ಣ ಮಕ್ಕಳನ್ನು ವಿಚಾರಣೆ ಮಾಡಿದರು. ಸಮವಸ್ತ್ರದಲ್ಲಿ ಹೋಗಿ ಮಕ್ಕಳನ್ನು ವಿಚಾರಿಸಿದ್ದು ಸರಿಯಲ್ಲವೆಂದು ಹೈಕೋರ್ಟು 2021ರಲ್ಲಿ ಹೇಳಿತು. 2023ರ ಜೂನಿನಲ್ಲಿ ಆ ಮೊಕದ್ದಮೆಯನ್ನೇ ರದ್ದು ಮಾಡಿತು. ಅದೇ ನ್ಯಾಯಾಲಯ ಇನ್ನೊಂದು ಮಾತನ್ನೂ ಹೇಳಿತು: ಸರಕಾರದ ಟೀಕೆಯನ್ನು ಶಾಲೆಗಳು ಮಕ್ಕಳಿಗೆ ಕಲಿಸಿಕೊಡಬಾರದು, ಅವರನ್ನು ಅದರಿಂದ ದೂರ ಇಡಬೇಕು ಎಂದಿತು. ದೊಡ್ಡವರು ತಮ್ಮ ಮಾತನ್ನು ಮಕ್ಕಳ ಬಾಯಿಗೆ ತುರುಕಬಾರದೆಂಬ ಎಚ್ಚರಿಕೆ ಇದೆಂದು ನಾವು ತಿಳಿಯುತ್ತೇವೆ. ಆದರೂ ತುರುಕಿದರೆ ತಪ್ಪು ದೊಡ್ಡವರದು. ಮಗು ಹೇಳಿದ ಮಾತು ತಪ್ಪಾಗಿದ್ದರೆ ತಿದ್ದಲು ಗುರುಗಳಿದ್ದಾರೆ, ತಾಯಿತಂದೆಗಳಿದ್ದಾರೆ. ಅದಕ್ಕೆ ಪೊಲೀಸ್ ಠಾಣೆ ಬೇಕಾಗಿಲ್ಲ.

ಎರಡನೆಯದು ಹೊಗಳಿ ಕಳಿಸುವುದು. ಇದು ನೋಡಲು ಚೆಂದ. ಸ್ವೀಡನ್ ದೇಶದಲ್ಲಿ ಗ್ರೇಟಾ ಎಂಬ ಹದಿನೈದು ವರ್ಷದ ಹುಡುಗಿ 2018ರ ಆಗಸ್ಟಿನಲ್ಲಿ, ಭೂಮಿ ಕಾಯುತ್ತಿದೆ, ನೀವು ಸುಮ್ಮನಿದ್ದೀರಿ ಎಂದು ಶಾಲೆ ಬಿಟ್ಟು ಪಾರ್ಲಿಮೆಂಟಿನ ಮುಂದೆ ಒಬ್ಬಳೇ ಕುಳಿತಳು. ಮರುವರ್ಷದ ಹೊತ್ತಿಗೆ ದೊಡ್ಡ ದೊಡ್ಡ ದೇಶಗಳ ನಾಯಕರು ಅವಳನ್ನು ಕರೆಸಿದರು, ಚಪ್ಪಾಳೆ ತಟ್ಟಿದರು, ಜೊತೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಹುಡುಗಿ ಕೇಳಿದ್ದು ಚಪ್ಪಾಳೆಯನ್ನಲ್ಲ. ನಮ್ಮಲ್ಲಿಯೂ ಅಷ್ಟೇ. ಮನವಿಪತ್ರ ತಂದ ಹುಡುಗನ ಬೆನ್ನು ತಟ್ಟಿ, "ಮುಂದ ನೀನ ಎಮ್ಮೆಲ್ಲೆ ಆಗ್ತೀಯಲೇ" ಎಂದು ನಕ್ಕು, ಪತ್ರವನ್ನು ಹಿಂದೆ ನಿಂತವರ ಕೈಗೆ ಕೊಟ್ಟು ಗಾಡಿ ಹತ್ತುತ್ತಾರೆ. ಹಸಿದು ಬಂದವನಿಗೆ ಗಂಧ ಹಚ್ಚಿ ಕಳಿಸಿದರೆ ಹೊಟ್ಟೆ ತುಂಬುವುದೇ?

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಚುನಾವಣೆ ಬಂದಾಗ ಮಕ್ಕಳ ಕೈಗೆ ಬಾವುಟ, ಕೊರಳಿಗೆ ಶಾಲು, ಬಾಯಿಗೆ ಜೈಕಾರ. ಬಾಯಿ ತೆರೆಯಬಾರದೆಂದು ಗದರಿಸಿದ ಮಗುವಿನ ಬಾಯೇ ಆಗ ಬೇಕಾಗುತ್ತದೆ! ಪಕ್ಷಗಳು ಪ್ರಚಾರಕ್ಕೆ ಮಕ್ಕಳನ್ನು ಯಾವ ರೀತಿಯಲ್ಲಿಯೂ ಬಳಸಕೂಡದೆಂದು ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಕಟ್ಟುನಿಟ್ಟಾಗಿ ಆಜ್ಞೆ ಮಾಡಿತು. ಕರಪತ್ರ ಹಂಚಿಸಬಾರದು, ಘೋಷಣೆ ಕೂಗಿಸಬಾರದು, ಮೆರವಣಿಗೆಯಲ್ಲಿ ಕರೆದೊಯ್ಯಬಾರದು.

ಈ ತಪ್ಪಿನಿಂದ ಮಠಗಳೂ ಹೊರತಲ್ಲ. ಹಿಂದೊಮ್ಮೆ ಮಂತ್ರಿಗಳೊಬ್ಬರನ್ನು ಬರಮಾಡಿಕೊಳ್ಳಲು ನಾವೇ ಮಕ್ಕಳನ್ನು ಹಾದಿಯ ಎರಡೂ ಬದಿ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದೆವು. ಮಂತ್ರಿಗಳು ಎರಡು ತಾಸು ತಡವಾಗಿ ಬಂದರು. ಒಂದು ಮಗು ಬವಳಿ ಬಂದು ಬಿದ್ದಿತು. ಅಂದಿನಿಂದ ನಮ್ಮಲ್ಲಿ ಆ ಪದ್ಧತಿ ನಿಂತಿತು. ನಿಲ್ಲಲು ಒಂದು ಕೂಸು ಬೀಳಬೇಕಾಯಿತಲ್ಲ ಎಂಬ ನೋವು ಮಾತ್ರ ನಿಂತಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಶಾಸ್ತ್ರವೇನೂ ಬೇಡ. ಕೂತು ಕೇಳಬೇಕು, ನಿಜ ಹೇಳಬೇಕು, ಹೇಳಿದ ದಿನಕ್ಕೆ ಮರಳಿ ಬರಬೇಕು. ಈ ಮೂರೇ.

ಕೂತು ಕೇಳುವುದಕ್ಕೆ ಕಾನೂನೂ ದಾರಿ ಮಾಡಿದೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿತು. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಹನ್ನೆರಡನೆಯ ಕಲಮು ಹೇಳುವುದೇನೆಂದರೆ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದರ ವಯಸ್ಸು ತಿಳಿವಳಿಕೆಗೆ ತಕ್ಕಂತೆ ದೊಡ್ಡವರು ಅದನ್ನು ಮನ್ನಿಸಬೇಕು. ಮಗು ಹೇಳಿದ್ದೇ ಆಗಬೇಕೆಂದು ಅಲ್ಲಿಲ್ಲ, ಮಗುವಿನ ಮಾತಿಗೆ ಬೆಲೆ ಇರಬೇಕೆಂದಿದೆ. ನಮ್ಮ ನಾಡಿನಲ್ಲಿ ಕುಂದಾಪುರ ತಾಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲಿಯೇ ಮಕ್ಕಳ ಪಂಚಾಯಿತಿಗಳು ನಡೆದವು. 2006ರಲ್ಲಿ ಸರಕಾರ ಗ್ರಾಮ ಪಂಚಾಯಿತಿಗಳಿಗೆ ಮಕ್ಕಳ ಗ್ರಾಮಸಭೆ ಕರೆಯಬೇಕೆಂದು ಆದೇಶ ಮಾಡಿತು. ವರ್ಷಕ್ಕೊಮ್ಮೆ ಅಧ್ಯಕ್ಷರು, ಸದಸ್ಯರು, ಅಧಿಕಾರಿಗಳು ಕೂತು ಮಕ್ಕಳ ಮಾತು ಕೇಳಬೇಕು. ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ಹತ್ತಿರ ಸಾರಾಯಿ ಮಾರುತ್ತಾರೆ, ನನ್ನ ಗೆಳತಿಗೆ ಲಗ್ನ ಗೊತ್ತು ಮಾಡಿದ್ದಾರೆ, ಇಂಥ ಮಾತುಗಳನ್ನು ಮಕ್ಕಳು ಅಲ್ಲಿ ಹೇಳಬಹುದು.

ನಾವು ಕೇಳುವುದಿಷ್ಟೇ. ನಿಮ್ಮ ಊರಿನಲ್ಲಿ ಆ ಸಭೆ ನಡೆಯುತ್ತದೆಯೇ? ನಡೆದರೆ, ಹೋದ ವರ್ಷ ಮಕ್ಕಳು ಕೇಳಿದ್ದನ್ನು ಈ ವರ್ಷ ಮೊದಲು ಓದಿ, ಇಂತಿಷ್ಟು ಆಗಿದೆ, ಇಂತಿಷ್ಟು ಆಗಿಲ್ಲ ಎಂದು ಹೇಳುತ್ತೀರಾ? ಅಥವಾ ಹಾಡು ಹಾಡಿಸಿ, ಬಿಸ್ಕೀಟು ಹಂಚಿ, ವಹಿಯಲ್ಲಿ ಸಹಿ ಹಾಕಿ ಮುಗಿಸುತ್ತೀರಾ? ಕರೆದು ಕೂಡಿಸಿ ಕೇಳದಿದ್ದರೆ ಅದು ಕರೆಯದಿರುವುದಕ್ಕಿಂತ ಹೆಚ್ಚಿನ ಅವಮಾನ. ಸಭೆಯಲ್ಲಿ ಉತ್ತರ ಸಿಕ್ಕರೆ ಮಗು ಕ್ರಾಸಿಗೆ ಹೋಗಿ ಕೂಡುವುದಿಲ್ಲ.

ತಾಯಿತಂದೆಗಳಿಗೂ ಒಂದು ಮಾತು. ಮಗುವನ್ನು ಮುಂದೆ ಮಾಡಿ ಹಿಂದೆ ನಿಲ್ಲಬೇಡಿರಿ. ಕಲ್ಲು ಬೀಳುವಲ್ಲಿ, ಲಾಠಿ ಎತ್ತುವಲ್ಲಿ, ಗಾಡಿ ಓಡಾಡುವ ಹಾದಿಯಲ್ಲಿ ಮಗುವನ್ನು ಕೂಡಿಸುವುದು ಹೋರಾಟವಲ್ಲ. ಅದು ಮಾತು ಕಲಿಯುವ ವಯಸ್ಸಿನ ಮಗುವಿಗೆ ಸಾಲದ ಹೊರೆ ಹೊರಿಸಿದಂತೆ. ಮಗು ಕೇಳಲಿ, ಪೆಟ್ಟು ಬಂದರೆ ಮುಂದೆ ನಿಲ್ಲುವವರು ನೀವಾಗಿರಿ.

ಇನ್ನು ಆ ಹುಡುಗಿಯ ಕಥೆ ಮುಗಿಸುತ್ತೇವೆ. ಎಂಟು ದಿನ ಕಳೆದವು, ಬಸ್ಸು ಬರಲಿಲ್ಲ. ನಾವು ಆ ನಾಯಕರಿಗೆ ಹೇಳಿ ಕಳಿಸಿದೆವು: "ಬಸ್ಸು ಬಿಡುವುದು ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ಹೋಗಿ ಹೇಳುವುದು ನಿಮ್ಮ ಕೈಯಲ್ಲಿದೆ." ಅವರ ದೊಡ್ಡತನ, ಮರುದಿನ ತಾವೇ ಆ ಶಾಲೆಗೆ ಹೋದರು. ಹಾರ ಬೇಡವೆಂದರು, ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತರು. "ಮುಂಜಾನೆಯ ಬಸ್ಸು ಮುಂದಿನ ಸೋಮವಾರದಿಂದ ಬರತೈತಿ. ಸಂಜೆಯದು ಈಗ ಆಗೂದಿಲ್ಲ, ಗಾಡಿಗೂ ಡ್ರೈವರಿಗೂ ಕೊರತೆ ಐತಿ. ಎಂಟು ದಿನ ಅಂದಿದ್ದು ನನ್ನ ತಪ್ಪು" ಎಂದರು. ಮಕ್ಕಳು ಕೂಗಲಿಲ್ಲ, ಸಿಟ್ಟಾಗಲಿಲ್ಲ. ಆ ಹುಡುಗಿ ಮಾತ್ರ ಎದ್ದು, "ಸಂಜೀದು ಯಾವಾಗ ಕೇಳಾಕ ಬರೂಣ್ರಿ?" ಎಂದಳು. ನಾಯಕರು ತಾವೇ ಸೀಮೆಸುಣ್ಣ ಹಿಡಿದು ಶಾಲೆಯ ಬೋರ್ಡಿನ ಮೂಲೆಯಲ್ಲಿ ಒಂದು ತಾರೀಖು ಬರೆದರು. ಗುರುಗಳು ಅದನ್ನು ಅಳಿಸಿಲ್ಲವಂತೆ.

ಮುಂಜಾನೆಯ ಬಸ್ಸು ಬಂದಿತು. ಸಂಜೆಯ ಬಸ್ಸು ಇನ್ನೂ ಬಂದಿಲ್ಲ. ಮಕ್ಕಳು ಇಂದಿಗೂ ಆರು ಕಿಲೋಮೀಟರು ನಡೆದೇ ಮನೆ ಸೇರುತ್ತಾರೆ. ಬರೆದ ತಾರೀಖಿಗೆ ಇನ್ನು ಮೂರು ವಾರ ಉಳಿದಿವೆ. ಆ ನಾಯಕರು ಈ ಸಭೆಯಲ್ಲಿಯೇ ಇದ್ದಾರೆ. ಹೆಸರು ಹೇಳುವುದಿಲ್ಲ; ಅವರಿಗೆ ತಾರೀಖು ನೆನಪಿದೆ, ಮಕ್ಕಳಿಗೂ ನೆನಪಿದೆ. ಬಸ್ಸು ಬಂದರೆ ಬಸ್ಸಿನೊಡನೆ ಹೋಗಲಿ. ಬಾರದಿದ್ದರೂ ಹೋಗಲಿ, ಹೋಗಿ ಬಾರದ ಕಾರಣ ಹೇಳಲಿ. ಆ ದಿನ ಅವರು ಶಾಲೆಯ ಹೊಸ್ತಿಲು ತುಳಿದರೆ ಐವತ್ತು ಮಕ್ಕಳು ಈ ನಾಡಿನ ಮೇಲೆ, ಕಾನೂನಿನ ಮೇಲೆ, ದೊಡ್ಡವರ ಮಾತಿನ ಮೇಲೆ ನಂಬಿಗೆ ಇಟ್ಟು ಬೆಳೆಯುತ್ತಾರೆ. ತುಳಿಯದಿದ್ದರೆ ಮುಂದೆ ಎಷ್ಟು ಪ್ರವಚನ ಮಾಡಿದರೂ ಆ ನಂಬಿಗೆಯನ್ನು ನಾವು ಮರಳಿ ತರಲಾರೆವು.

ಬಾಗೇವಾಡಿಯಾಗುವುದೋ ಸಂಗಮವಾಗುವುದೋ ಎಂಬುದು ನಮ್ಮ ಕೈಯಲ್ಲಿದೆ. ಮನೆಯಲ್ಲಿ, ಶಾಲೆಯಲ್ಲಿ, ಪಂಚಾಯಿತಿಯಲ್ಲಿ, ವಿಧಾನಸೌಧದಲ್ಲಿ ಕೂಸೊಂದು ಎದ್ದು ನಿಂತು ಕೇಳಿದಾಗ, ಯಾರ ಮಗುವೆಂದು ಕೇಳದೆ ಏನು ಬೇಕವ್ವಾ, ಏನು ಬೇಕಪ್ಪಾ ಎಂದು ಕೇಳುವ ಬುದ್ಧಿಯನ್ನು ಬಸವಾದಿ ಶರಣರು ನಮಗೆಲ್ಲ ಕರುಣಿಸಲಿ ಎಂದು ಹಾರೈಸಿ ಈ ಮಾತಿಗೆ ಮಂಗಳ ಹಾಡುತ್ತೇವೆ.